ಗುತ್ತಲಿನ ಲೈಬ್ರರಿ ತೆಗೆದ ದಿನ

ಇಡ್ಲಿ ಗಾಡಿಯ ಚಿಕ್ಕಬೋರಮ್ಮ ಇಡ್ಲಿ ಕಟ್ಟಿಕೊಡುವಾಗ ಸುಮ್ಮನೆ ಇಡ್ಲಿ ಕಟ್ಟಿಕೊಟ್ಟಿದ್ದರೆ ಮಂಡ್ಯದ ಗುತ್ತಲಿನ ರವಿಚಂದ್ರನಿಗೆ ಆ ದಿನವೂ ಎಲ್ಲ ದಿನಗಳಂತೆಯೇ ಕಳೆದುಹೋಗುತ್ತಿತ್ತು. ಆದರೆ ಆಯಮ್ಮ ಸುಮ್ಮನಿರುವ ಜಾಯಮಾನದವಳಲ್ಲ. ಚಟ್ನಿಯ ಕವರಿಗೆ ಗಂಟು ಹಾಕುತ್ತಾ, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ ಮುಖ ಮಾಡಿಕೊಂಡು, "ಲೇ ರವಿ, ಇಸ್ಯ ಗೊತ್ತಾಯ್ತೇನ್ಲಾ? ಇವತ್ತು ನಿನ್ ಲೈಬ್ರರಿ ತೆಗೀತಾರಂತೆ," ಅಂದಳು.

ರವಿಚಂದ್ರನ ಕೈಯಲ್ಲಿದ್ದ ಚಿಲ್ಲರೆ ಕೆಳಗೆ ಬಿತ್ತು.

"ಯಾರ್ ಹೇಳಿದ್ದು ಬೋರವ್ವ?"

"ಶಾಮಿಯಾನದ ಒನ್ನಯ್ಯಂಗೆ ಯಾರೋ ಯೋಳವ್ರೆ. ಆಪೀಸ್ನೋರು ಲಾರಿ ತಕ್ಕಂಡು ಬತ್ತಾವ್ರಂತೆ. ತೆಗದ್ಬುಟ್ರೆ ನಮ್ ಗತಿ ಏನ್ ಮಗ?" ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಯಮ್ಮನಿಗೆ ಬಸ್ಸಿನ ಬೋರ್ಡು ಓದಲೂ ಬರುವುದಿಲ್ಲ. ಅಂಥವಳೇ ಲೈಬ್ರರಿಗಾಗಿ ಅಳುತ್ತಿರುವಾಗ, ಡಿಗ್ರಿ ಮಾಡಿಕೊಂಡ ತಾನು ಇಡ್ಲಿ ತಿನ್ನುತ್ತಾ ಕೂತರೆ ಮನುಷ್ಯನೇ ಎಂದು ರವಿಚಂದ್ರನಿಗೆ ಅನ್ನಿಸಿತು. ಇಡ್ಲಿಯನ್ನು ಅಲ್ಲೇ ಬಿಟ್ಟು ಹೊರಟ. ಹಸಿವಾಗಿತ್ತು, ಅದು ಬೇರೆ ಮಾತು.

ಅವನ ಕಷ್ಟ ಏನೆಂದು ಹೇಳಿಬಿಡಬೇಕು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯಾಗುವ ಪರೀಕ್ಷೆಯನ್ನು ಅವನು ಮೊದಲಿಂದಲೂ ಬರೆಯುತ್ತಲೇ ಬಂದಿದ್ದ, ಪರೀಕ್ಷೆಯೂ ಅವನನ್ನು ಮೊದಲಿಂದಲೂ ಫೇಲು ಮಾಡುತ್ತಲೇ ಬಂದಿತ್ತು. ವಯಸ್ಸಿನ ಮಿತಿಯ ಪ್ರಕಾರ ಈ ಸಲದ್ದೇ ಕೊನೆಯದು. ಇದೂ ಹೋದರೆ ಜೀವನಪೂರ್ತಿ ಭಾವಮೈದುನನ ಗೊಬ್ಬರದಂಗಡಿಯಲ್ಲಿ ಮೂಟೆ ಎಣಿಸಿಕೊಂಡು ಬಿದ್ದಿರಬೇಕು. ಓದಲು ಪುಸ್ತಕಗಳಿದ್ದವು. ಇಲ್ಲದ್ದು ಸದ್ದಿಲ್ಲದ ಒಂದು ಕುರ್ಚಿ. ಮನೆಯ ಒಂದು ಗೋಡೆಗೆ ಹಿಟ್ಟಿನ ಗಿರಣಿ ಅಂಟಿಕೊಂಡಿತ್ತು. ಇನ್ನೊಂದು ಗೋಡೆಗೆ ಅವ್ವ ದೇವಿರಮ್ಮನ ಟೀವಿ. ಗಿರಣಿಯ ಸದ್ದು ಮೀರಿಸಲು ಅವ್ವ ಟೀವಿಯ ಸದ್ದು ಹೆಚ್ಚಿಸುತ್ತಿದ್ದಳು. ಟೀವಿಯ ಸದ್ದು ಮೀರಿಸಲು ಗಿರಣಿಯವನು ಏನು ಮಾಡುತ್ತಿದ್ದನೋ, ಅವನೂ ಏನೋ ಮಾಡುತ್ತಿದ್ದ.

ಹಾಗಾಗಿ ಬೀದಿಯ ತುದಿಯ ಲೈಬ್ರರಿಯೇ ಅವನಿಗೆ ದಿಕ್ಕಾಗಿತ್ತು. ಹೋದ ಮಳೆಗಾಲದಲ್ಲಿ ಅದರ ಸೂರು ಸೋರಿತು, ರಿಪೇರಿ ಅಂತ ಬೀಗ ಬಿತ್ತು. ರಿಪೇರಿ ಮುಗಿದರೂ ಬೀಗ ಇಳಿಯಲಿಲ್ಲ. ರವಿಚಂದ್ರ ಆಫೀಸಿಗೆ ಫೋನು ಮಾಡಿದ. ಮತ್ತೆ ಮಾಡಿದ. ಊಟದ ಹೊತ್ತಿಗೂ ಮಾಡಿದ. ಅಲ್ಲಿದ್ದ ಅಧಿಕಾರಿ ಕೊನೆಗೆ ಬೇಸತ್ತು, "ಇನ್ಮೇಲೆ ಲೈಬ್ರರಿ ಎಲ್ಲ ಮೊಬೈಲಲ್ಲೇ ಕಣ್ರೀ. ಬೆರಳಲ್ಲಿ ಮುಟ್ಟಿದರೆ ಪುಸ್ತಕ ಬರುತ್ತೆ. ಕಟ್ಟಡ ಯಾಕೆ ಬೇಕು?" ಅಂದಿದ್ದರು. ರವಿಚಂದ್ರ ಬೆರಳಲ್ಲಿ ಮುಟ್ಟಿಯೂ ನೋಡಿದ್ದ. ಭಾರತದ ಸಂವಿಧಾನದ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಭಾವಮೈದುನ ಕಳಿಸಿದ ಶುಭೋದಯದ ಗುಲಾಬಿ ಅಡ್ಡ ಬರುತ್ತಿತ್ತು. ಈಗ ಆ ಕಟ್ಟಡಕ್ಕೇ ಸಂಚಕಾರ ಬಂತಲ್ಲ ಎಂದು ಅವನ ರಕ್ತ ಕುದಿಯಿತು.

ಲೈಬ್ರರಿಯ ಜಗುಲಿಯ ಮೇಲೆ ಶಾಮಿಯಾನ ಬಾಡಿಗೆಗೆ ಕೊಡುವ ಹೊನ್ನಯ್ಯ ತನ್ನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿಯ ಚಿಕ್ಕಣ್ಣ ಜಲ್ಲೆ ಸಿಗಿಯುತ್ತಾ ಕೂತಿದ್ದ. ಇಬ್ಬರ ಮುಖವೂ ಬಾಡಿತ್ತು.

"ಹೊನ್ನಣ್ಣ, ನಿಜವಾ?"

"ದಿಟ ಕಣ್ಲಾ. ತೆಗದೇ ತೆಗೀತಾರಂತೆ."

"ಬಿಡಬಾರ್ದು ಹೊನ್ನಣ್ಣ. ಪ್ರಾಣ ಹೋದ್ರೂ ತೆಗೆಯೋಕೆ ಬಿಡಬಾರ್ದು."

ಹೊನ್ನಯ್ಯ ಕೈಯಲ್ಲಿದ್ದ ಕುರ್ಚಿ ಇಳಿಸಿ ಅವನನ್ನೇ ನೋಡಿದ. "ನೀನೇನ್ಲಾ ಈ ಮಾತಾಡೋದು? ನೀನು ಆ ಕಡೆಯೋನು ಅಂದ್ಕಂಡಿದ್ನಲ್ಲ."

"ನಾನು ಯಾವತ್ತಿದ್ರೂ ಜನದ ಕಡೆ."

"ಭೇಷ್ ಕಣ್ಲಾ," ಎಂದು ಹೊನ್ನಯ್ಯ ಅವನನ್ನು ತಬ್ಬಿಕೊಂಡ. ಬಾಡಿಗೆ ಕುರ್ಚಿಯ ಕಾಲು ಮುರಿದರೆ ಬೀದಿಯಲ್ಲೇ ನಿಲ್ಲಿಸಿ ಬೈಯುವ ಹೊನ್ನಯ್ಯ ತಬ್ಬಿಕೊಂಡಿದ್ದು ರವಿಚಂದ್ರನಿಗೆ ಅದೇ ಮೊದಲು. ಜನರಿಗೆ ಪುಸ್ತಕದ ಮೇಲೆ ಇಷ್ಟು ಪ್ರೀತಿ ಇದ್ದದ್ದು ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಆಮೇಲೆ ಎಲ್ಲವೂ ಬಿರುಸಿನಿಂದ ನಡೆಯಿತು. ಹೊನ್ನಯ್ಯ ಬಿಟ್ಟಿಯಾಗಿ ಶಾಮಿಯಾನ ಹಾಕಿದ, ಜಮಖಾನ ಹಾಸಿದ. ಚಿಕ್ಕಣ್ಣ ಎಲ್ಲರಿಗೂ ಕಬ್ಬಿನ ಹಾಲು ಕೊಟ್ಟ. ಚಿಕ್ಕಬೋರಮ್ಮ ಮನೆಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿಕೊಂಡು ಬಂದಳು. ಲೈಬ್ರರಿ ಅಂಗಳದಲ್ಲಿ ರಾಗಿ ಒಣಗಿಸುವವರು, ಆಟೋ ನಿಲ್ಲಿಸುವವರು, ಕರು ಕಟ್ಟುವವರು, ಒಬ್ಬರೂ ತಪ್ಪಲಿಲ್ಲ. ರವಿಚಂದ್ರ ರಟ್ಟು ತಂದು, "ಜ್ಞಾನದೇಗುಲದ ಬಾಗಿಲು ಸದಾ ತೆರೆದಿರಲಿ" ಎಂದು ಬರೆಯಲು ಕೂತ.

"ಅಷ್ಟುದ್ದ ಯಾರ್ ಓದ್ತಾರ್ಲಾ? 'ಲೈಬ್ರರಿ ತೆಗೆಯಬೇಡಿ' ಅಂತ ಬರಿ, ಸಾಕು," ಎಂದ ಹೊನ್ನಯ್ಯ. ಚಳವಳಿಯಲ್ಲಿ ಜನರ ಮಾತೇ ದೊಡ್ಡದು ಎಂದುಕೊಂಡು ರವಿಚಂದ್ರ ಹಾಗೆಯೇ ಬರೆದ.

ಬರೆದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಬಾಗಿಲಿಗಿದ್ದ ಹಳೇ ಬೀಗದ ಕೀಲಿ ಆಫೀಸಿನವರ ಹತ್ತಿರ ಇದ್ದೇ ಇರುತ್ತದೆ. ಬಾಗಿಲು ತೆಗೆದು ಪುಸ್ತಕಗಳನ್ನೆಲ್ಲ ಲಾರಿಗೆ ತುಂಬಿಬಿಟ್ಟರೆ? ಪೇಟೆಗೆ ಓಡಿಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬೀಗ ತಂದು ಹಳೇ ಬೀಗದ ಮೇಲೆ ಜಡಿದ. ಎಲ್ಲರೂ ನೋಡುತ್ತಿದ್ದಂತೆ ಕೀಲಿಯನ್ನು ಚರಂಡಿಗೆ ಎಸೆದ. ಜನ ಚಪ್ಪಾಳೆ ತಟ್ಟಿದರು.

ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಚಿಕ್ಕಣ್ಣ, "ಅಣ್ಣ, ಸರ್ಯಾಗ್ ಬರ್ಲಿಲ್ಲ. ಇನ್ನೊಂದ್ಸಲ ಎಸಿ," ಅಂದ.

ಬೀಗಕ್ಕೆ ಎರಡು ಕೀಲಿ ಕೊಟ್ಟಿದ್ದರು. ರವಿಚಂದ್ರ ಎರಡನೆಯದನ್ನೂ ಎಸೆದ. ಈ ಸಲ ಚೆನ್ನಾಗಿ ಬಂತು. ಚಿಕ್ಕಣ್ಣ ಅದನ್ನು ಆಗಿಂದಾಗಲೇ ಮದ್ದೂರು, ಮಳವಳ್ಳಿಯ ನೆಂಟರಿಗೆಲ್ಲ ಕಳಿಸಿದ.

ಬಿಸಿಲೇರುವ ಹೊತ್ತಿಗೆ ಜೀಪು ಬಂತು. ಹಿಂದೆಯೇ ಟಾರ್ಪಾಲು ಹೊದ್ದ ಲಾರಿ. ಜೀಪಿನಿಂದ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು ಇಳಿದಳು. ಲೈಬ್ರರಿ ಆಫೀಸಿಗೆ ಹೊಸದಾಗಿ ಬಂದ ಅಧಿಕಾರಿ, ಹೆಸರು ಪ್ರಿಯಾಂಕ. ಶಾಮಿಯಾನ, ಜನ ಎಲ್ಲ ಕಂಡು ಅವಳ ಮುಖ ಅರಳಿತು. ರಟ್ಟಿನ ಮೇಲಿದ್ದದ್ದನ್ನು ಓದಿದ ಕೂಡಲೇ ಅರಳಿದ್ದು ಮುದುಡಿತು.

"ಏನ್ರೀ ಇದು? ನಾವು ಲೈಬ್ರರಿ ತೆಗೆಯೋಕೆ ಬಂದಿದ್ದೀವಿ."

"ಗೊತ್ತು ಮೇಡಮ್. ಅದಕ್ಕೇ ಕೂತಿರೋದು," ಎಂದ ರವಿಚಂದ್ರ.

"ಮೇಲಿಂದ ಆರ್ಡರ್ ಆಗಿದೆ. ಇವತ್ತು ತೆಗೆಯಲೇಬೇಕು."

"ನನ್ನ ಹೆಣದ ಮೇಲೆ ತೆಗೀರಿ," ಎಂದವನೇ ಬಾಗಿಲಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟ. ಹಿಂದಿನಿಂದ ಬೀದಿಗೆ ಬೀದಿಯೇ, "ತೆಗೆಯಕ್ಕೆ ಬುಡಕಿಲ್ಲ, ತೆಗೆಯಕ್ಕೆ ಬುಡಕಿಲ್ಲ," ಎಂದು ಕೂಗಿತು. ಚಿಕ್ಕಬೋರಮ್ಮನ ದನಿ ಎಲ್ಲರಿಗಿಂತ ಮೇಲಿತ್ತು.

ಪ್ರಿಯಾಂಕ ಅವನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ನೋಡಿ, ತೆಗೆದರೆ ನಿಮಗೇ ಒಳ್ಳೇದು. ನಿಮ್ಮ ಮಕ್ಕಳಿಗೆ ಒಳ್ಳೇದು. ಬೇರೆ ಕಡೆ ಜನ ಯಾವಾಗ ತೆಗೀತೀರಿ ಅಂತ ನಮ್ಮ ಪ್ರಾಣ ತಿಂತಾರೆ."

"ಯಾವ ಜನ ಮೇಡಮ್ ಅವರು? ನಾಚಿಕೆ ಇಲ್ವಾ ಅವರಿಗೆ?"

"ಬೇರೆ ಕಡೆ ಯಾಕೆ? ಇದೇ ಬೀದಿಯವರೊಬ್ಬರು ತೆಗೀರಿ ತೆಗೀರಿ ಅಂತ ನಮ್ಮ ಆಫೀಸನ್ನೇ ತಲೆಕೆಳಗು ಮಾಡಿಬಿಟ್ಟಿದ್ದರು."

ರವಿಚಂದ್ರ ಮಲಗಿದ್ದವನು ಎದ್ದು ಕೂತ. ಮನೆಹಾಳು ಕೆಲಸ ಮಾಡಿದವನು ಈ ಬೀದಿಯಲ್ಲೇ ಇದ್ದಾನೆ, ಬಹುಶಃ ಇದೇ ಶಾಮಿಯಾನದ ಕೆಳಗೆ ಕಬ್ಬಿನ ಹಾಲು ಕುಡಿಯುತ್ತಿದ್ದಾನೆ. "ಯಾರು ಅವನು? ಕರೀರಿ ಅವನನ್ನ. ನಮ್ಮ ಮುಂದೆ ನಿಂತು ಹೇಳಲಿ."

"ಕರೀತೀನಿ. ಅವರಾದರೂ ನಿಮಗೆ ಬುದ್ಧಿ ಹೇಳಲಿ," ಎಂದು ಪ್ರಿಯಾಂಕ ಮೊಬೈಲು ತೆಗೆದು ನಂಬರು ಒತ್ತಿದಳು.

ರವಿಚಂದ್ರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಿರಣಿಯ ಸದ್ದಿನಲ್ಲಿ ಕೇಳಿಸಲಿ ಅಂತ ಅವನು ಶಾಲೆಯ ಗಂಟೆಯ ಸದ್ದನ್ನು ಪೂರ್ತಿ ಜೋರಾಗಿ ಇಟ್ಟುಕೊಂಡಿದ್ದ. ಗದ್ದಲ ನಿಂತಿತು. "ಒಂದು ನಿಮಿಷ ಮೇಡಮ್," ಎಂದು ಅವನು ಫೋನು ಕಿವಿಗಿಟ್ಟುಕೊಂಡ. "ಹಲೋ, ಯಾರು?"

"ಲೈಬ್ರರಿ ಆಫೀಸಿಂದ. ರವಿಚಂದ್ರ ಅವರಾ?" ಎಂದಿತು ಫೋನು. ಮಾರು ದೂರದಲ್ಲಿ ಪ್ರಿಯಾಂಕಳ ಬಾಯಿಯೂ ಅದನ್ನೇ ಅಂದಿತು.

ಇಬ್ಬರೂ ಫೋನು ಹಿಡಿದುಕೊಂಡೇ ಒಬ್ಬರನ್ನೊಬ್ಬರು ನೋಡಿದರು.

"ನಾನು ಬಂದ ದಿನವೇ ಹಳೇ ಸಾಹೇಬರು ಹೇಳಿದ್ದರು," ಎಂದಳು ಪ್ರಿಯಾಂಕ, ಇನ್ನೂ ಫೋನಿನಲ್ಲೇ. "ಗುತ್ತಲಿನ ರವಿಚಂದ್ರ ಅಂತ ಒಬ್ಬರಿದ್ದಾರೆ, ಒಂದೋ ನಿನ್ನ ಫೋನು ಆಫ್ ಮಾಡು, ಇಲ್ಲ ಲೈಬ್ರರಿ ಬೀಗ ತೆಗಿ ಅಂತ. ನಾನು ಬೀಗ ತೆಗೆಯೋಣ ಅಂದುಕೊಂಡೆ. ಹೊಸ ಪುಸ್ತಕ, ಹೊಸ ಕುರ್ಚಿ ಎಲ್ಲ ಲಾರಿಯಲ್ಲಿ ತಂದಿದ್ದೀನಿ. ಏನ್ರೀ ನಿಮ್ಮ ಸಮಸ್ಯೆ?"

ತೆಗೆಯುವುದು. ಬಾಗಿಲು ತೆಗೆಯುವುದು. ರವಿಚಂದ್ರನಿಗೆ ಜಗುಲಿ ಒಮ್ಮೆ ಗಿರ್ರೆಂದು ತಿರುಗಿತು. ಕನ್ನಡ ಐಚ್ಛಿಕದಲ್ಲಿ ಫಸ್ಟ್ ಕ್ಲಾಸು ಬಂದಿದ್ದ ಅವನಿಗೆ ಇಷ್ಟು ಚಿಕ್ಕ ಕ್ರಿಯಾಪದ ಕೈಕೊಟ್ಟಿತ್ತು.

"ತೆಗೀರಿ ಮೇಡಮ್, ದಯವಿಟ್ಟು ತೆಗೀರಿ," ಎಂದು ಕೈ ಮುಗಿದು, ಜನರ ಕಡೆ ತಿರುಗಿದ. "ನಾವೆಲ್ಲ ತಪ್ಪು ತಿಳ್ಕೊಂಡಿದ್ದೀವಿ. ಅವರು ಲೈಬ್ರರಿ ಕಿತ್ತುಹಾಕೋಕೆ ಬಂದಿಲ್ಲ. ಬಾಗಿಲು ತೆಗೆದು ಶುರು ಮಾಡೋಕೆ ಬಂದಿದ್ದಾರೆ."

ಯಾರಿಗೂ ಆಶ್ಚರ್ಯವಾಗಲಿಲ್ಲ.

"ಊಂ ಕಣ್ಲಾ, ಅದ್ಕೇ ತಾನೇ ಬ್ಯಾಡ ಅಂತಿರೋದು," ಎಂದ ಹೊನ್ನಯ್ಯ. "ಬಾಗ್ಲು ತೆಗದ್ರೆ ನನ್ ಕುರ್ಚಿ ಎಲ್ಲಿಕ್ಲಿ?"

ರವಿಚಂದ್ರ ಚಿಕ್ಕಬೋರಮ್ಮನ ಕಡೆ ನೋಡಿದ. "ಬೋರವ್ವ, ಬೆಳಗ್ಗೆ ನೀನು ಅತ್ತಿದ್ದು?"

"ಅಳ್ದೆ ಇನ್ನೇನ್ಲಾ ಮಾಡ್ಲಿ? ಬಿಸ್ಲೇರಿದ್ರೆ ಇಡ್ಲಿ ಗಾಡಿ ನಿಲ್ಸಕ್ಕೆ ಲೈಬ್ರರಿ ಬಾಗ್ಲು ಬುಟ್ರೆ ಈ ಬೀದೀಲಿ ಇನ್ನೆಲ್ಲೈತೆ ನೆಳ್ಳು?"

"ಅಲ್ಲ ಬೋರವ್ವ, ನನ್ ಪರೀಕ್ಷೆ..."

"ಅದು ವರ್ಸಾ ವರ್ಸಾ ಬತ್ತದೆ ಬುಡು ಮಗ."

ರವಿಚಂದ್ರ ಕೆರಳಿದ. ಇಡೀ ಬೀದಿ ಎದುರು ನಿಂತರೂ ಸರಿಯೇ, ಇವತ್ತು ಬಾಗಿಲು ತೆಗೆಸಿಯೇ ತೀರುತ್ತೇನೆ ಅಂತ ಪ್ಯಾಂಟು ಮಡಚಿಕೊಂಡು ಚರಂಡಿಗೆ ಇಳಿದ. ಮೊಣಕಾಲುದ್ದ ಕೆಸರಿನಲ್ಲಿ ಕೈಯಾಡಿಸಿದ. ಒಂದು ಚಮಚ ಸಿಕ್ಕಿತು, ಚಪ್ಪಲಿಯೊಂದು ಸಿಕ್ಕಿತು, ಚಿಕ್ಕಣ್ಣನ ಗಾಡಿಯ ಗೆಜ್ಜೆ ಸಿಕ್ಕಿತು. ಕೀಲಿ ಮಾತ್ರ ಒಂದೂ ಸಿಗಲಿಲ್ಲ. ಲಾರಿಯ ಡ್ರೈವರು ಬೀಗವನ್ನು ಕಲ್ಲಿನಿಂದ ಜಜ್ಜಿ ನೋಡಿದ. ಬೀಗ ಗಟ್ಟಿಯಾಗಿತ್ತು. ಅವನು ಎರಡನೇ ಏಟಿಗೆ ಕೈಯೆತ್ತುವ ಮೊದಲೇ ಹೆಂಗಸರು ಸುತ್ತುವರಿದು, ಅವನ ಕೈಯಿಂದ ಕಲ್ಲನ್ನು ಕಿತ್ತುಕೊಂಡರು.

ಪ್ರಿಯಾಂಕ ನೋಡುವಷ್ಟು ನೋಡಿದಳು. "ಸಾರ್ವಜನಿಕರ ವಿರೋಧವಿದೆ ಅಂತ ಬರೀತೀನಿ. ಮಳವಳ್ಳಿಯಲ್ಲಿ ಒಂದು ಕಟ್ಟಡ ಖಾಲಿ ಇದೆ. ಅಲ್ಲಿನ ಹುಡುಗರು ಬೇಕು ಅಂತ ಕೇಳ್ತಾನೇ ಇದ್ದಾರೆ. ಇವತ್ತೇ ಅಲ್ಲಿ ತೆಗೀತೀನಿ," ಎಂದು ಜೀಪು ಹತ್ತಿದಳು. ರವಿಚಂದ್ರ ಚರಂಡಿಯಿಂದ ಮೇಲೆ ಬರುವಷ್ಟರಲ್ಲಿ ಲಾರಿ ತಿರುವು ದಾಟಿತ್ತು. ಗೆದ್ದ ಖುಷಿಗೆ ಹೊನ್ನಯ್ಯ ಸ್ಪೀಕರಿನ ಪೆಟ್ಟಿಗೆಗಳನ್ನು ತಂದು ಲೈಬ್ರರಿ ಬಾಗಿಲಿಗೆ ಆನಿಸಿದ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಮನೆಗೆ ಹೋಗಿ ಮುಸುಕು ಹಾಕಿ ಮಲಗುತ್ತಿದ್ದರು. ರವಿಚಂದ್ರ ಕಾಲು ತೊಳೆದುಕೊಂಡ, ಪುಸ್ತಕಗಳನ್ನು ಚೀಲಕ್ಕೆ ತುಂಬಿದ. "ಎಲ್ಗೆ ಒಂಟ್ಯಪ್ಪ?" ಎಂದ ಅವ್ವನಿಗೆ, "ಮಳವಳ್ಳಿಗೆ ಕಣವ್ವ, ಓದ್ಕೊಳ್ಳೋಕೆ," ಅಂದ. ದಿನಾ ಬಸ್ಸಿನಲ್ಲಿ ಹೋಗಿ ಬಂದರಾಯಿತು, ಪರೀಕ್ಷೆಯ ದಿನದವರೆಗೂ ಬಿಡದೆ ಹೋಗುತ್ತೇನೆ ಎಂದುಕೊಂಡು ಬಸ್ಸು ಹತ್ತಿದ. ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ಕಡೆ ಬಗ್ಗಿ ನೋಡಿಕೊಂಡು, ಪಂಚಾಯತ್ ರಾಜ್ ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಹೇಳಿಕೊಂಡ.

ಮಳವಳ್ಳಿಯಲ್ಲಿ ಇಳಿದು ಕೇಳಿದರೆ ಯಾರಾದರೂ ದಾರಿ ತೋರಿಸುವಷ್ಟು ಹೆಸರು ಲೈಬ್ರರಿಗೆ ಆಗಲೇ ಬಂದಿತ್ತು. ಹೊಸ ಲೈಬ್ರರಿಯ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ತೆಂಗಿನಕಾಯಿ ಒಡೆದ ನೀರು ಇನ್ನೂ ಆರಿರಲಿಲ್ಲ. ಒಳಗೆ ಹುಡುಗ ಹುಡುಗಿಯರು ಸಾಲಾಗಿ ತಲೆ ತಗ್ಗಿಸಿ ಓದುತ್ತಿದ್ದರು. ಪುಟ ಮಗುಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಫ್ಯಾನಿನ ಕೆಳಗೆ ಒಂದು ಕುರ್ಚಿ ಖಾಲಿಯಿತ್ತು. ರವಿಚಂದ್ರನಿಗೆ ಕಣ್ಣು ತುಂಬಿ ಬಂತು. ಚಪ್ಪಲಿ ಬಿಟ್ಟು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಮೇಜಿನ ಹಿಂದಿದ್ದ ನೌಕರ ತನ್ನ ಮೊಬೈಲನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದ. ಮೊಬೈಲಿನಲ್ಲಿ ಇವನೇ ಚರಂಡಿಗೆ ಕೀಲಿ ಎಸೆಯುತ್ತಿದ್ದ.

"ಲೋ, ಮಂಡ್ಯದಲ್ಲಿ ಮುಚ್ಚಿಸ್ದೋನು ಇಲ್ಗೂ ಬಂದವ್ನೆ ಕಣ್ರಲಾ. ಬಾಗ್ಲಾಕ್ರೋ," ಎಂದು ಅವನು ಮೇಜು ಹಾರಿ ಬಂದ.

ಓದುತ್ತಿದ್ದವರೆಲ್ಲ ಎದ್ದು ಓಡಿಬಂದು ಬಾಗಿಲು ದಬ್ಬಿದರು. ಒಳಗಿನಿಂದ ಚಿಲಕ ಬಿತ್ತು. ಆ ದಿನ ಮಂಡ್ಯ ಜಿಲ್ಲೆಯಲ್ಲಿ ರವಿಚಂದ್ರನ ದೆಸೆಯಿಂದ ಬಾಗಿಲು ಹಾಕಿದ ಲೈಬ್ರರಿ ಇದು ಎರಡನೆಯದು.

ಅವನು ಹೊಸಿಲ ಮೇಲೆ ಕೂತು, ಚೀಲ ಪಕ್ಕಕ್ಕಿಟ್ಟು, ಬಾಗಿಲು ತಟ್ಟಿದ.

"ಸ್ವಾಮಿ, ನಾನು ಅಂಥವನಲ್ಲ. ಓದ್ಕೊಳ್ಳೋಕೆ ಬಂದಿದ್ದೀನಿ. ತೆಗೀರಿ."

"ನಿನ್ ಮಾತು ನಂಬಿ ಬಾಗ್ಲು ತೆಗದ್ರೆ ನೀನು ಲೈಬ್ರರೀನೇ ತೆಗದ್ಬುಡ್ತೀಯ, ಓಗಯ್ಯ," ಎಂದಿತು ಒಳಗಿನಿಂದ ದನಿ.