ಎರಡನೇ ಸಲದ ಉತ್ತರ

ಸುಳ್ಳು ಹೇಳಿದವರು ನೆರೆಹೊರೆಯವರು, ಬೆವರಿದವನು ಸರ್ವೆಯಣ್ಣ.

ಪೈಪ್ ಗ್ಯಾಸ್ ಬಿಟ್ಟು ಕರೆಂಟ್ ಒಲೆಗೆ ಬಂದವರೆಷ್ಟು ಎಂದು ಕೇಳಲು ಆತ ಹೋದ ತಿಂಗಳು ತನ್ನದೇ ಕಟ್ಟಡದ ಬಾಗಿಲುಗಳನ್ನು ತಟ್ಟಿದ್ದ. ಅದು ಧಾರಾವಾಹಿಯ ಹೊತ್ತು. ಆಸಾಮಿ ಬೇಗ ತೊಲಗಲಿ ಎಂದು ಎಲ್ಲರೂ "ಹೂಂ, ಬಂದಿದೀವಿ" ಎಂದುಬಿಟ್ಟಿದ್ದರು. ಇವತ್ತು ಕಚೇರಿಯ ಮೇಡಂ ಅದೇ ಪ್ರಶ್ನೆ ಮತ್ತೆ ಕೇಳಿ ಪರೀಕ್ಷಿಸುವವರಿದ್ದರು. ಉತ್ತರ ತಾಳೆಯಾದರೆ ನೌಕರಿ ಖಾಯಂ, ಇಲ್ಲವಾದರೆ ಗೇಟ್‌ಪಾಸ್.

ಬೆಳಿಗ್ಗೆಯೇ ಟೈಲರಕ್ಕನ ಮನೆಗೆ ಓಡಿದ. ಒಳಗೆ ಗ್ಯಾಸ್ ಒಲೆ ಬುಸುಗುಡುತ್ತಿತ್ತು.

"ಅಕ್ಕಾ, ಹೋದ್ಸಲ ಹೇಳಿದ್ದನ್ನೇ ಇವತ್ತೂ ಹೇಳ್ಬಿಡಿ."

"ಏನ್ ಹೇಳಿದ್ನೋ ತಮ್ಮಾ? ನಿನ್ನೆ ತಗೊಂಡ ಅಳತೇನೇ ನಂಗೆ ನೆನಪಿರಲ್ಲ."

"ಕರೆಂಟ್ ಒಲೇಲೇ ಅಡುಗೆ ಅಂದಿದ್ರಿ."

"ಅಯ್ಯೋ, ನೀನಾದ್ರೂ ನಂಬಬಾರ್ದಿತ್ತು ಕಣೋ!"

ಸದ್ದು ಕೇಳಿ ನಿವೃತ್ತ ಮೇಷ್ಟ್ರು ಇಳಿದು ಬಂದರು. ಪಾಠ ಹೇಳದೆ ಅವರ ನಾಲಿಗೆ ತುಕ್ಕು ಹಿಡಿದಿತ್ತು. "ಹೆದರಬೇಡಯ್ಯಾ. ಉತ್ತರ ನಾನು ಹೇಳಿಕೊಡ್ತೀನಿ, ಎಲ್ಲಾ ಬಾಯಿಪಾಠ ಮಾಡ್ಲಿ" ಎಂದು ಮೆಟ್ಟಿಲ ಮೇಲೆಯೇ ತರಗತಿ ತೆರೆದರು. ಇಡೀ ಕಟ್ಟಡ ಮಗ್ಗಿಯಂತೆ ರಾಗ ಎಳೆಯಿತು.

ಅದನ್ನು ಕೇಳಲು ನಿಲ್ಲದೆ ಸರ್ವೆಯಣ್ಣ ಗೇಟಿಗೆ ಓಡಿದ. ಮೇಡಂ ಬಂದರು. ಮೊದಲ ಬಾಗಿಲಲ್ಲೇ ಟೈಲರಕ್ಕ ಒಂದೇ ಉಸಿರಿಗೆ ಒಪ್ಪಿಸಿದಳು: "ಕರೆಂಟ್ ಒಲೆಗೆ ಹೊಗೆ ಇಲ್ಲ, ಹಗೆ ಇಲ್ಲ, ನನ್ನ ಹೆಂಡ್ತಿಗಂತೂ ಬಹಳ ಹಿಡಿಸಿದೆ!"

ಸರ್ವೆಯಣ್ಣ ಹಣೆ ಚಚ್ಚಿಕೊಂಡ. ಮೇಷ್ಟ್ರು ಹೇಳಿಕೊಟ್ಟಿದ್ದು ತಮ್ಮ ಮನೆಯ ಉತ್ತರ!

ಎದುರುಮನೆಯ ಮೆಕ್ಯಾನಿಕ್ಕನೂ ಅದನ್ನೇ ಒದರಿದ.

"ನಿಮ್ಗೆ ಮದುವೆ ಆಗಿದ್ಯಾ?" ಮೇಡಂ ಹುಬ್ಬೇರಿಸಿದರು.

"ಇಲ್ಲ ಮೇಡಂ, ಸದ್ಯಕ್ಕೆ ಒಲೆ ಬಂದಿದೆ."

ಆದರೆ ಮೇಡಂಗೆ ಬೇಕಿದ್ದದ್ದು ಹೌದೋ, ಅಲ್ಲವೋ. ಹೆಂಡತಿಗೆ ಅವರ ಪ್ರಶ್ನಾವಳಿಯಲ್ಲಿ ಕಾಲಂ ಇರಲಿಲ್ಲ. ಅಡುಗೆಮನೆಗೆ ಇಣುಕುವುದು ಸಂಶೋಧನೆಯ ನಿಯಮದಲ್ಲೇ ಇರಲಿಲ್ಲ.

"ಎರಡು ಸಲ ಕೇಳಿದ್ರೂ ಒಂದೇ ಉತ್ತರ! ಇಂಥಾ ನಂಬಿಕಸ್ಥ ಸರ್ವೆ ನಾನು ನೋಡೇ ಇಲ್ಲ. ನಿಮ್ಮ ಕೆಲಸ ಖಾಯಂ ಕಣ್ರೀ."

ಸರ್ವೆಯಣ್ಣ ಹಿಗ್ಗಿ ಹೀರೇಕಾಯಿಯಾದ. ಅಷ್ಟರಲ್ಲಿ ಮೇಡಂ ಗ್ಯಾಸ್ ಕಂಪನಿಗೆ ಫೋನ್ ಮಾಡಿದರು: "ಇಲ್ಲಿ ಯಾರಿಗೂ ಗ್ಯಾಸ್ ಬೇಕಿಲ್ಲ. ಮೊದಲು ಇದೇ ಕಟ್ಟಡದ ಪೈಪ್ ಬಂದ್ ಮಾಡಿ."

ಸಂಜೆಗೆ ಒಲೆಗಳು ಆರಿದವು, ಮನೆಮಂದಿ ಹೊತ್ತಿ ಉರಿದರು. ಸರ್ವೆಯಣ್ಣ ಒಳಗಿನಿಂದ ಚಿಲಕ ಹಾಕಿಕೊಂಡ. ಹೆಂಡತಿ ತಣ್ಣಗಿನ ಬಾಣಲೆ ಹಿಡಿದು ನಿಂತಿದ್ದಳು.

"ರೀ, ನಮ್ಮನೆ ಉತ್ತರ ಏನಂತ ಕೊಟ್ಟಿದ್ರಿ?"

ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಮೇಡಂ!

"ನಿಮ್ಮ ಖಾಯಂ ಕೆಲಸ ಈಗಿಂದ್ಲೇ ಶುರು. ಗ್ಯಾಸ್ ಹೋದ್ಮೇಲೆ ಎಷ್ಟು ಸುಖವಾಗಿದ್ದೀರಿ ಅಂತ ಅದೇ ಮನೆಗಳಿಗೆ ಹೋಗಿ ಕೇಳ್ಕೊಂಡು ಬನ್ನಿ. ನಿಮ್ಮನ್ನ ಕಂಡ್ರೆ ಅವ್ರಿಗೆಲ್ಲಾ ಎಂಥಾ ಪ್ರೀತಿ!"

ಆ ಪ್ರೀತಿ ಆಗಲೇ ಹೊರಗೆ ಬಾಗಿಲು ಬಡಿಯುತ್ತಿತ್ತು, ಸೌಟಿನಿಂದ.