ಹುಡುಕಿಕೊಡುವ ಪುಸ್ತಕ

ಪವಮಾನನ ಶನಿವಾರ ಕೆಟ್ಟದ್ದು ಅವನ ತಾಯಿ ಸೀತಾಬಾಯಿಯವರು ನೀರಿನ ಟ್ಯಾಂಕರಿನ ಮುಂದೆ ಆಡಿದ ಒಂದು ಮಾತಿನಿಂದ. ಗೋವೆಯ ವಾಸ್ಕೋ ಊರಿನ ಮಂಗೋರ್ ಹಿಲ್‌ನಲ್ಲಿ ನಲ್ಲಿ ಕೈಕೊಟ್ಟ ದಿನ ಟ್ಯಾಂಕರ್ ಬರುತ್ತದೆ, ಟ್ಯಾಂಕರ್ ಬಂದಲ್ಲಿ ಕೊಡಗಳ ಸಾಲು ನಿಲ್ಲುತ್ತದೆ, ಸಾಲು ನಿಂತಲ್ಲಿ ಮಗನ ಸುದ್ದಿ ತೆಗೆಯದೆ ಇರುವುದು ಸೀತಾಬಾಯಿಯವರಿಗೆ ಇವತ್ತಿನವರೆಗೂ ಸಾಧ್ಯವಾಗಿಲ್ಲ.

“ನಾಳಿ ಪರೀಕ್ಷಾ ಅಂತಲ್ರಿ ಬಾಯಾರ? ಮಗಾ ಬಾಯಿಪಾಠ ಹೊಡ್ಯಾಕತ್ತಾನೇನು?” ಎಂದು ಎದುರು ಚಾಳಿನ ಫಕೀರವ್ವ ಕೇಳಿದಳು. ಮಿರ್ಚಿ ಭಜಿಯ ಗಾಡಿ ನಡೆಸುವ ಹೆಂಗಸು. ಅವಳಿಗೆ ಹೇಳಿದ ಸುದ್ದಿ ಭಜಿಯ ಜೊತೆಗೇ ಊರಿಗೆಲ್ಲ ಹಂಚಿಹೋಗುತ್ತದೆ.

“ಬಾಯಿಪಾಠದ ಕಾಲ ಹೋತವಾ. ಅವನ ಹತ್ರ ಪಾಟಿ ಹಂಗ ಒಂದು ಅದ. ಡಾಕ್ಟರ್ ಪುಸ್ತಕ ಎಲ್ಲಾ ಅದರಾಗನ ಅವ. ಜಡ್ಡಿನ ಹೆಸರು ಬಡದ್ರ ಸಾಕು, ಪುಸ್ತಕ ತಾನ ಹುಡುಕಿ ಪುಟಾ ತಗದು ಮುಂದ ಇಡ್ತದ. ಏನ್ ಕೇಳಿದ್ರೂ ಹೇಳ್ತದ!”

ಕೊನೆಯ ಮಾತೊಂದು ಬೇಡವಾಗಿತ್ತು.

ಪವಮಾನ ಆರು ವರ್ಷ ಒಂದು ಚಳಿ ದೇಶದಲ್ಲಿ ಡಾಕ್ಟರಿಕೆ ಓದಿ, ಒಂದು ಪದವಿ ಮತ್ತು ಗೋವೆಯಲ್ಲಿ ಯಾವ ಉಪಯೋಗಕ್ಕೂ ಬಾರದ ಒಂದು ತುಪ್ಪಳದ ಟೊಪ್ಪಿಗೆಯೊಂದಿಗೆ ಮರಳಿದ್ದ. ಹೊರದೇಶದಲ್ಲಿ ಓದಿದವರು ಇಲ್ಲಿ ರೋಗಿಯ ನಾಡಿ ಮುಟ್ಟಬೇಕಾದರೆ ಲೈಸೆನ್ಸಿನ ಪರೀಕ್ಷೆ ಪಾಸಾಗಬೇಕು. ಅವನು ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದ. ಬಂದರಿನ ಆಫೀಸಿನಲ್ಲಿ ನೌಕರಿಯಲ್ಲಿದ್ದ ತಂದೆ ಬಿಂದುಮಾಧವರಾಯರು ಈ ಸಲ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಇದು ಕಡೀದು. ಆಗಲಿಲ್ಲ ಅಂದ್ರ ಬೆಳಗಾವಿ ಕಾಕಾನ ಔಷಧದ ಅಂಗಡ್ಯಾಗ ಕೌಂಟರಿಗೆ ಕೂಡು.” ಚಾಳಿನವರು ಎದುರಿಗೆ ಅವನನ್ನು ‘ಡಾಕ್ಟರ್ರ’ ಎನ್ನುತ್ತಿದ್ದರು, ಹಿಂದೆ ‘ಅರ್ಧ ಡಾಕ್ಟರ್’ ಎನ್ನುತ್ತಿದ್ದರು. ಎರಡನೆಯದನ್ನು ಅವನು ಕಿವಿಯಾರೆ ಕೇಳಿದ್ದ, ಕೇಳಿ ಬಹಳ ನೊಂದಿದ್ದ.

ಮೊದಲೆರಡು ಸಲ ಅವನು ಓದಿದ್ದು ದಿಂಬಿನಷ್ಟು ದಪ್ಪದ ಕಾಗದದ ಪುಸ್ತಕ. ಓದಿದ್ದಕ್ಕಿಂತ ಅದರ ಮೇಲೆ ಮಲಗಿದ್ದೇ ಹೆಚ್ಚು. ಈ ಸಲ ವರ್ಷದ ಚಂದಾ ಕಟ್ಟಿ ಟ್ಯಾಬ್ಲೆಟ್ಟಿಗೆ ಇಡೀ ಲೈಬ್ರರಿಯನ್ನೇ ಇಳಿಸಿಕೊಂಡು, ದಪ್ಪ ಪುಸ್ತಕವನ್ನು ಗುಜರಿಯ ರೂಪಲಪ್ಪನಿಗೆ ತೂಕಕ್ಕೆ ಹಾಕಿದ್ದ. “ಹುಡುಕಲಿಕ್ಕೆ ಬರದ ಪುಸ್ತಕ ಪುಸ್ತಕನ ಅಲ್ಲ ರೂಪಲಪ್ಪಾ” ಎಂದು ತಕ್ಕಡಿಯ ಮುಂದೆ ಒಂದು ಭಾಷಣವನ್ನೂ ಮಾಡಿದ್ದ.

ಅವನ ಹೊಸ ಪದ್ಧತಿ ಸರಳವಾಗಿತ್ತು. ಅಭ್ಯಾಸದ ಪ್ರಶ್ನೆಗಳಲ್ಲಿ ತಪ್ಪಿದ ಪದಗಳನ್ನೆಲ್ಲ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಳ್ಳುವುದು, ಒಂದೊಂದನ್ನೇ ಟ್ಯಾಬ್ಲೆಟ್ಟಿನಲ್ಲಿ ಹುಡುಕಿ ಓದುವುದು, ಓದಿದ್ದನ್ನು ಹೊಡೆದುಹಾಕುವುದು. ಶನಿವಾರ ಮುಂಜಾನೆ ಅರ್ಧ ಪದಗಳು ಉಳಿದಿದ್ದವು. ಇಡೀ ದಿನ ಕೂತರೆ ಅವೂ ಮುಗಿಯುತ್ತಿದ್ದವು. ಈ ಸಲ ಪಾಸಾಗುತ್ತೇನೆ ಎಂದು ಅವನಿಗೆ ಮೊದಲ ಬಾರಿಗೆ ಖರೆಯಾಗಿ ಅನ್ನಿಸಿತ್ತು.

ಅವನು ಮೊದಲ ಪದ ಬಡಿಯುವಷ್ಟರಲ್ಲಿ ಬಾಗಿಲು ಬಡಿಯಿತು. ಫಕೀರವ್ವ ತನ್ನ ಗಂಡ ಕಂಠೆಪ್ಪನನ್ನು ಕೈಹಿಡಿದು ಎಳೆದುಕೊಂಡು ಬಂದಿದ್ದಳು. ಬಂದರಿನಲ್ಲಿ ಮೂಟೆ ಹೊರುವ ಭಾರಿ ಆಳು, ಬಾಗಿಲ ತುಂಬ ನಿಂತು “ಇಕ್!” ಅಂದ.

“ನಿನ್ನೆಯಿಂದ ಬಿಕ್ಕು ಹತ್ಯಾವಪಾ. ನೀರು ಕುಡಿಸಿದೆ, ಸಕ್ರಿ ತಿನಿಸಿದೆ, ಯಾರ್ ನೆನಸಾಕತ್ತಾರ ಅಂತ ಬಳಗದಾಗ ಎಲ್ಲಾರ ಹೆಸರೂ ಹೇಳಿದೆ. ನಿಲ್ಲವಲ್ಲವು” ಎಂದಳು ಫಕೀರವ್ವ.

“ನನಗಿನ್ನೂ ಲೈಸೆನ್ಸ್ ಇಲ್ಲವಾ. ನಾ ಔಷಧ ಹೇಳಿದ್ರ ಪೊಲೀಸ್ ಕೇಸ್ ಆಗ್ತದ.”

“ನಿನ್ನ ಯಾರ್ ಕೇಳಾಕತ್ತಾರ? ನಾವು ಪುಸ್ತಕಕ್ಕ ಕೇಳಾಕ ಬಂದೇವಿ. ನೀ ಬರೇ ಓದಿ ಹೇಳು.”

ಬೇಗ ಸಾಗಹಾಕಿದರಾಯಿತೆಂದು ಪವಮಾನ ಬಿಕ್ಕಳಿಕೆಯನ್ನು ಹುಡುಕಿದ. ಪುಸ್ತಕ ಕಣ್ಣು ಮಿಟುಕಿಸುವುದರೊಳಗೆ ಪುಟ ತೆರೆದಿಟ್ಟಿತು. ಅವನು ಕನ್ನಡ ಮಾಡುತ್ತ ಓದಿದ: “ಬಿಕ್ಕು ಭಾಳ ಹೊತ್ತು ನಿಲ್ಲದಿದ್ರ... ಕಿಡ್ನಿ ಕೆಟ್ಟಿರಬಹುದು... ಮಿದುಳಿನಾಗ ಗಡ್ಡಿ ಇರಬಹುದು... ಎದಿ ಒಳಗ...”

ಕಂಠೆಪ್ಪನ ಮುಖದ ಬಣ್ಣ ಇಳಿಯಿತು. ಕಣ್ಣು ನೆಟ್ಟವು, ಬಾಯಿ ತೆರೆದೇ ಉಳಿಯಿತು. ಮೂವರೂ ಮುಂದಿನ ‘ಇಕ್’ಗಾಗಿ ಕಾದರು. ಅದು ಬರಲೇ ಇಲ್ಲ.

“ನಿಂತ್ವು!” ಎಂದು ಫಕೀರವ್ವ ಚೀರಿದಳು. “ಮುಟ್ಟಲಿಲ್ಲ, ಸೂಜಿ ಚುಚ್ಚಲಿಲ್ಲ, ಬರೇ ಓದಿದ್ದಕ್ಕ ನಿಂತ್ವು!”

“ಅಂಜಿಕಿಗೆ ನಿಂತಾವ ಅವು! ಮತ್ತ ಬಂದ್ರ ಸರಕಾರಿ ದವಾಖಾನಿಗೆ ಹೋಗ್ರಿ.”

“ಯಾತಕ್ಕರ ನಿಲ್ಲಲಿ. ನಿಂತ್ವೋ ಇಲ್ಲೋ?”

ಪವಮಾನ ಮೂರು ಪದ ಹೊಡೆದುಹಾಕುವಷ್ಟರಲ್ಲಿ ಅಂಗಳದ ಗೇಟಿನಾಚೆ ಸಾಲು ಹತ್ತಿತ್ತು. ಸಿಮೆಂಟಿನಿಂದ ಕೈ ತುರಿಸುವವರು, ಉಸುಕು ಹೊತ್ತು ಸೊಂಟ ಹಿಡಿದವರು, ಏನೂ ಆಗದಿದ್ದರೂ ಒಂದು ಮಾತು ಕೇಳಿಡೋಣವೆಂದು ಬಂದವರು. ಅವನು ಪ್ರತಿಯೊಬ್ಬರಿಗೂ “ದವಾಖಾನಿಗೆ ಹೋಗ್ರಿ” ಎಂದೇ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಉದ್ದನೆಯ ರೋಗದ ಹೆಸರು ಬಂದವರು ಹೆಮ್ಮೆಯಿಂದ ಎದ್ದುಹೋದರು. ಗಿಡ್ಡ ಹೆಸರಿನವರು ಜಗಳಕ್ಕೆ ನಿಂತರು.

“ಆಕಿಗೆ ಮೊಳ ಉದ್ದದ ಹೆಸರು ಬಂತು. ನನಗ ಬರೇ ‘ದಣಿವು’ ಅಂದ್ರ ಹೆಂಗ?” ಎಂದು ಕೇಳಿದಳು ಚಂದ್ರಿಬಾಯಿ. ದಿನವಿಡೀ ಬೈನಾ ಓಣಿಗಳಲ್ಲಿ ಸೊಪ್ಪು ಮಾರುವವಳು. “ಇನ್ನೊಮ್ಮಿ ಹುಡುಕು. ಕೆಳಗಿಂದ ಹುಡುಕು.”

ಪವಮಾನ ಕೆಳಗಿನಿಂದಲೂ ಹುಡುಕಿದ. ಆಮೇಲೆ ಕ್ಯಾಲೆಂಡರ್ ಸುರುಳಿ ಸುತ್ತಿ, ಟ್ಯಾಬ್ಲೆಟ್ ಕಂಕುಳಲ್ಲಿ ಇಟ್ಟುಕೊಂಡು, ಹಿತ್ತಲಿನ ಗೋಡೆ ಹಾರಿ ವಾಸ್ಕೋ ರೈಲ್ವೆ ನಿಲ್ದಾಣಕ್ಕೆ ಓಡಿದ.

ಪ್ಲಾಟ್‌ಫಾರ್ಮಿನ ಕೊನೆಯ ಬೆಂಚು ಖಾಲಿಯಿತ್ತು. ಗಾಳಿ ಇತ್ತು, ನೆರಳಿತ್ತು. ಅವನು ನಾಲ್ಕನೆಯ ಪದ ಬಡಿದ. ಆದರೆ ಶನಿವಾರ ಹುಬ್ಬಳ್ಳಿಯ ಕಡೆಗೆ ಹೊರಡುವ ರೈಲಿಗೆ ಅರ್ಧ ಉತ್ತರ ಕರ್ನಾಟಕವೇ ಗಂಟು ಕಟ್ಟಿಕೊಂಡು ಬಂದಿರುತ್ತದೆ ಎಂಬುದನ್ನು ಅವನು ಮರೆತಿದ್ದ.

“ಏ, ಇಲ್ಲೇ ಅದಾರ ನೋಡ್ರಿ, ಬಿಕ್ಕು ನಿಲ್ಲಿಸಿದ ಪುಸ್ತಕದವ್ರು!”

ಕೂಗಿದವನು ಸಂಗಣ್ಣ, ಫಕೀರವ್ವನ ತಮ್ಮ. ಡಿಚೋಲಿಯ ಗಣಿಯಲ್ಲಿ ಟ್ರಕ್ ಹೊಡೆಯುವವನು, ಹೆಂಡತಿಯನ್ನು ರೈಲಿಗೆ ಹತ್ತಿಸಲು ಬಂದಿದ್ದ. ರೈಲು ಇನ್ನೂ ಬಂದಿರಲಿಲ್ಲ, ಜನರಿಗೆ ಬೇರೆ ಕೆಲಸವೂ ಇರಲಿಲ್ಲ. ಬೆಂಚಿನ ಸುತ್ತ ಗಂಟುಗಳು ಬಂದು ಕೂತವು.

“ನಂದೊಂದು ಸಣ್ಣದ ಐತ್ರಿ. ನಮ್ಮ ಆಡು ಹಾಲು ಕೊಡೂದು ಬಿಟ್ಟೈತಿ” ಎಂದ ಸಂಗಣ್ಣ.

“ಸಂಗಣ್ಣಾ, ಇದು ಮನಷ್ಯಾರ ಪುಸ್ತಕ!”

“ಇದ್ರ ಇರಲಿ. ಕೇಳಿ ನೋಡೂಣಲ್ಲ.”

ಸುಮ್ಮನಾಗಿಸಲೆಂದೇ ಪವಮಾನ ಆಡು ಎಂದು ಹುಡುಕಿದ. ಬರೇ ಆಡಿನ ಹಾಲನ್ನೇ ಕುಡಿದು ಬೆಳೆಯುವ ಕೂಸುಗಳಿಗೆ ರಕ್ತ ಕಡಿಮೆಯಾಗಬಹುದು ಎಂಬ ಪುಟವೊಂದು ಠಪ್ಪನೆ ತೆರೆದುಕೊಂಡಿತು. ಸಂಗಣ್ಣ ಎದ್ದು ನಿಂತು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಸಾರಿದ: “ನಮ್ಮ ಆಡೂ ಐತ್ರೆಪಾ ಪುಸ್ತಕದಾಗ!”

ರೈಲು ಬಂದು ಹೋಗುವವರೆಗೆ ಪವಮಾನ ಕುಟುಂಬಗಟ್ಟಲೆ ಹುಡುಕಿಕೊಟ್ಟ. ಅಳುವ ಹಾಗೆ ಕೂತಿದ್ದ ಅವನನ್ನು ಕಂಡು ಸಂಗಣ್ಣನಿಗೆ ಕರುಣೆ ಬಂತು. “ಇಲ್ಲಿ ಭಾಳ ಗದ್ಲರಿ. ನಡೀರಿ, ಮನಿಗೆ ಬಿಡ್ತೇನಿ” ಎಂದು ಮೋಟಾರ್ ಸೈಕಲ್ಲಿಗೆ ಹತ್ತಿಸಿಕೊಂಡು ನೇರವಾಗಿ ತಂದು ಸಾಲಿನ ನಡುವೆ ಇಳಿಸಿದ.

ಸಾಲು ಈಗ ಗೇಟು ದಾಟಿ ಇಳಿಜಾರಿನವರೆಗೆ ಬೆಳೆದಿತ್ತು. ಫಕೀರವ್ವ ಇಷ್ಟು ಜನ ಹಸಿದು ನಿಂತಿರುವಾಗ ದೂರ ಹೋಗುವುದು ಪಾಪವೆಂದು ಭಜಿಯ ಗಾಡಿಯನ್ನೇ ಗೇಟಿಗೆ ತಂದು, ಬಾಣಲೆಗೆ ಎಣ್ಣೆ ಸುರಿದಿದ್ದಳು. ಭಜಿ ಕಟ್ಟಿಕೊಡಲು ತಂದ ಪೇಪರೆಲ್ಲ ತೀರಿ, ರದ್ದಿಗಾಗಿ ಸೊಸೆ ನಂದಾಳನ್ನು ರೂಪಲಪ್ಪನ ಗುಜರಿಗೆ ಅಟ್ಟುತ್ತಿದ್ದಳು.

ಆಗ ಪವಮಾನನಿಗೆ ಒಂದು ಉಪಾಯ ಹೊಳೆಯಿತು. ಒಂದು ಖಾತೆಯನ್ನು ಎರಡು ಯಂತ್ರಗಳಲ್ಲಿ ತೆರೆಯಲು ಕಂಪನಿಯ ಅಪ್ಪಣೆಯಿತ್ತು. ತನ್ನ ಹಳೆಯ ಫೋನಿನಲ್ಲಿ ಪುಸ್ತಕ ತೆರೆದು, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗಿತ್ತ. “ಅಮ್ಮಾ, ಇದರಾಗ ನೀನ ಹುಡುಕಿ ಹೇಳು. ಮುಚ್ಚಿಹೋದ್ರ ಇದನ್ನ ಬಡದು ಮತ್ತ ತಗೀ. ನನ್ನ ಮಾತ್ರ ಕರೀಬ್ಯಾಡ.”

ಒಳಗಿನ ಕೋಣೆಯ ಬಾಗಿಲಿಗೆ ಅಗಳಿ ಹಾಕಿ, ಕಿವಿಗೆ ಹತ್ತಿ ತುರುಕಿಕೊಂಡು ಕೂತ. ಪದಗಳು ಒಂದೊಂದಾಗಿ ಉರುಳತೊಡಗಿದವು. ಪಡಸಾಲೆಯಲ್ಲಿ ಸೀತಾಬಾಯಿಯವರು ಚಸ್ಮಾ ಏರಿಸಿ ಕೂತು ಊರಿಗೆಲ್ಲ ರೋಗ ಹಂಚುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಹೊರಗಿನ ಗದ್ದಲ ತಾನಾಗಿ ಕರಗಿತು. ಎಷ್ಟೋ ವರ್ಷಗಳ ಮೇಲೆ ಪವಮಾನನಿಗೆ ಮಂಗೋರ್ ಹಿಲ್ ಬಹಳ ಚಲೋ ಜಾಗವೆನ್ನಿಸಿತು. ಅವನು ಇನ್ನೊಂದು ಪದ ಬಡಿದ.

ಪುಟ ಬರಲಿಲ್ಲ. ಅದರ ಬದಲು ಒಂದು ಕೆಂಪು ಪಟ್ಟಿ ಬಂತು. ನಿಮ್ಮ ಖಾತೆ ಏಕಕಾಲಕ್ಕೆ ಹಲವು ಊರುಗಳಲ್ಲಿ, ಹಲವರ ಕೈಯಲ್ಲಿ ತೆರೆದಿರುವುದರಿಂದ ಅದನ್ನು ಮುಚ್ಚಲಾಗಿದೆ. ಮತ್ತೆ ತೆರೆಯಲು, ನೀವು ವೈದ್ಯರೆಂಬುದಕ್ಕೆ ನಿಮ್ಮ ಲೈಸೆನ್ಸಿನ ಸಂಖ್ಯೆ ನಮೂದಿಸಿ.

ಲೈಸೆನ್ಸ್ ಪಡೆಯಲು ಪುಸ್ತಕ ಬೇಕು, ಪುಸ್ತಕ ತೆರೆಯಲು ಲೈಸೆನ್ಸ್ ಬೇಕು. ಪವಮಾನ ಕಂಪನಿಗೆ ಫೋನ್ ಮಾಡಿದ. ಸೋಮವಾರ ಮುಂಜಾನೆ ಕರೆ ಮಾಡಿರೆಂದು ಒಂದು ಹೆಣ್ಣು ಧ್ವನಿ ಮೂರು ಭಾಷೆಗಳಲ್ಲಿ ಪ್ರೀತಿಯಿಂದ ಹೇಳಿತು.

“ಅಮ್ಮಾ! ಯಾರಿಗೆ ಕೊಟ್ಟಿ ಪಾಸ್‌ವರ್ಡು?”

“ಕೇಳಿದವ್ರಿಗೆಲ್ಲಾ ಕೊಟ್ಟೆ” ಎಂದರು ಸೀತಾಬಾಯಿಯವರು ಶಾಂತವಾಗಿ. “ನಂದಾ ಎಲ್ಲಾರ ಫೋನಿಗೂ ಹಾಕಿ ಕೊಟ್ಲು, ಜನಾ ಮನಿಗೆ ಹೋದ್ರು. ಸಂಗಣ್ಣ ರೈಲಿನಾಗಿದ್ದ ಹೆಂಡತಿಗೂ ಫೋನ್ ಮಾಡಿ ಹೇಳಿದ. ಹಾಲಿಗೆ ಹೆಪ್ಪು ಕೇಳಿದ್ರ ಇಲ್ಲ ಅಂತೀವೇನು? ಇದೂ ಹಂಗ ಅಲ್ಲ? ಒಂದ್ ಚಮಚಾ ಕೊಟ್ರ ಅವರ ಮನ್ಯಾಗ ಗಡಗಿ ತುಂಬ ಮೊಸರು ಆಗ್ತದ, ನಮ್ಮದೇನು ಕಡಿಮಿ ಆಗ್ತದ?” ಮಗನ ಮುಖ ನೋಡಿ ಸ್ವಲ್ಪ ಅಳುಕಿ ಒಂದು ಮಾತು ಸೇರಿಸಿದರು: “ದೀಪಾ ಹಚ್ಚಿದ ಮ್ಯಾಲೆ ಮಾತ್ರ ಯಾರಿಗೂ ಕೊಟ್ಟಿಲ್ಲ ನೋಡಪಾ.”

ಹೀಗೆ ಪವಮಾನನ ಪುಸ್ತಕ ಒಂದು ಕಡೆ ರೈಲಿನಲ್ಲಿ ಘಟ್ಟ ಹತ್ತುತ್ತಿತ್ತು, ಇನ್ನೊಂದು ಕಡೆ ಡಿಚೋಲಿಯಲ್ಲಿ ಆಡಿನ ಮುಂದೆ ತೆರೆದಿತ್ತು. ಅವನು ನೆಲಕ್ಕೆ ಕುಸಿದು ಕೂತ. ನಾಳಿನ ಪರೀಕ್ಷೆ, ಬೆಳಗಾವಿಯ ಕೌಂಟರು, ಅರ್ಧ ಡಾಕ್ಟರೆಂಬ ಹೆಸರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, ಇಷ್ಟುದ್ದದ ಗಂಡಸು ಗಳಗಳನೆ ಅತ್ತುಬಿಟ್ಟ.

ಸುದ್ದಿ ಕೇಳಿ ಚಾಳು ಮತ್ತೆ ಪಡಸಾಲೆಗೆ ಬಂತು. ಈ ಸಲ ಯಾರೂ ರೋಗ ತಂದಿರಲಿಲ್ಲ. ತಪ್ಪು ಮಾಡಿದವರಂತೆ ಗೋಡೆಗೆ ಒರಗಿ ನಿಂತರು. ಕಂಠೆಪ್ಪ ಒಂದು ಪೊಟ್ಟಣ ಭಜಿ ಹಿಡಿದು, ತಿನ್ನಲೂ ಆಗದೆ ಬಿಡಲೂ ಆಗದೆ ಒಂದೊಂದೇ ಮೆಲ್ಲಗೆ ತಿನ್ನುತ್ತಿದ್ದ.

“ತಡೀರಿ” ಎಂದು ರೂಪಲಪ್ಪ ಎದ್ದ. ಓಡಿಹೋಗಿ, ಏದುಸಿರು ಬಿಡುತ್ತ ಮರಳಿ ಬಂದಾಗ ಅವನ ಎದೆಯ ಮೇಲೆ ಆ ದಿಂಬಿನಷ್ಟು ದಪ್ಪದ ಪುಸ್ತಕವಿತ್ತು. “ಡಾಕ್ಟರ್ ಓದಿದ್ದು ಅಂತ ಹರಿಯಾಕ ಹಾಕಿರಲಿಲ್ರಿ. ತಕ್ಕಡಿ ಕೆಳಗ ಆಸರಕ್ಕ ಇಟ್ಟಿದ್ದೆ. ತಗೋರಿ.”

ಪವಮಾನ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡ. ಇದಕ್ಕೆ ಪಾಸ್‌ವರ್ಡ್ ಬೇಡ, ಕಂಪನಿ ಬೇಡ, ಸೋಮವಾರ ಬೇಡ. ಕ್ಯಾಲೆಂಡರ್ ಬಿಚ್ಚಿ ಮುಂದಿನ ಪದಕ್ಕೆ ಬೆರಳಿಟ್ಟು, ಅದು ಯಾವ ಪುಟದಲ್ಲಿದೆ ಎಂದು ನೋಡಲು ಪುಸ್ತಕದ ಹಿಂಭಾಗ ತಿರುವಿದ. ಅಲ್ಲಿ ರಟ್ಟಿತ್ತು, ಒಂದಿಷ್ಟು ದಾರವಿತ್ತು. ಪದಗಳ ಪಟ್ಟಿಯ ಹಾಳೆಗಳಿರಲಿಲ್ಲ. ಮುಂಭಾಗ ತಿರುವಿದ. ಅಲ್ಲಿಯೂ ಅಧ್ಯಾಯಗಳ ಪಟ್ಟಿ ಇರಲಿಲ್ಲ.

“ಹಾಳಿ ಎಲ್ಲಿ?” ಅವನ ಧ್ವನಿ ಎಲ್ಲೋ ಆಳದಿಂದ ಬಂತು.

“ಅವಾ? ನಾನ ಹರದೆ” ಎಂದಳು ಫಕೀರವ್ವ. “ನಿಮ್ಮ ಪಾಳೇದಾಗ ನಿಂತವ್ರಿಗೆ ಭಜಿ ಕಟ್ಟಾಕ ಕಾಗದ ಸಾಲಲಿಲ್ಲ. ನಂದಾ ರೂಪಲಪ್ಪನ ತಕ್ಕಡಿ ಕೆಳಗಿಂದ ಇದನ್ನ ತಂದ್ಲು, ಹರಕೊಂಡು ಮತ್ತ ಅಲ್ಲೇ ಇಡಿಸಿದೆ. ಹಂಗಂತ ಕಂಡಕಂಡಲ್ಲಿ ಕೈ ಹಾಕಿಲ್ಲಪಾ. ವಿದ್ಯಾದ ಪುಸ್ತಕ ಅಂತ ನಂದಾಗ ತೋರಿಸಿ ಕೇಳಿದೆ. ಪಾಠ ಇದ್ದದ್ದು, ಚಿತ್ರ ಇದ್ದದ್ದು ಒಂದು ಹಾಳೀನೂ ಮುಟ್ಟಿಲ್ಲ. ಹಿಂದ ಮುಂದ ಬರೇ ಹೆಸರು, ಹೆಸರಿನ ಮುಂದ ನಂಬರ. ಓದೂದೇನೂ ಇರಲಿಲ್ಲ. ಅಂಥಾವಷ್ಟ ನೋಡಿ ಹರದೆ.”

ಪವಮಾನ ಕಂಠೆಪ್ಪನ ಕೈಯಲ್ಲಿನ ಪೊಟ್ಟಣವನ್ನು ಕಿತ್ತುಕೊಂಡ. ಎಣ್ಣೆ ಕುಡಿದು ಗಾಜಿನಂತಾದ ಕಾಗದದ ಮೇಲೆ ಹೆಸರುಗಳೆಲ್ಲ ಸಾಲಾಗಿ ಕಂಡವು, ನಂಬರುಗಳ ಮೇಲೆ ಮೆಣಸಿನಕಾಯಿ ಕೂತಿತ್ತು. “ಉಳದಾವು?”

“ಉಳದಿದ್ರ ತರತಿದ್ನಿಲ್ಲೋ? ನಿನ್ನ ಪುಸ್ತಕಕ್ಕ ಕೇಳಾಕ ಬಂದ ಮಂದಿ ಎಲ್ಲಾ ತಿಂದು ಎಸದ್ರು.”

ಅಷ್ಟರಲ್ಲಿ ಖಾರ ನೆತ್ತಿಗೇರಿ ಕಂಠೆಪ್ಪನ ದೊಡ್ಡ ಮೈ ಒಮ್ಮೆ ಕುಲುಕಿತು. “ಇಕ್!” ಅಂದ. ಹೆದರಿದ ಕಣ್ಣಿನಿಂದ ಸುತ್ತ ನೋಡಿ ಪವಮಾನನ ಮೊಣಕಾಲಿಗೆ ತಾಗಿ ಕೂತ. “ಮತ್ತ ಶುರು ಆದ್ವಲ್ಲೋ ತಮ್ಮಾ. ಪುಸ್ತಕಕ್ಕ ಕೇಳು.”

ಪವಮಾನ ಕ್ಯಾಲೆಂಡರನ್ನು ಮಡಚಿ ಬದಿಗಿಟ್ಟ. ದಪ್ಪ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು ಮೊದಲನೆಯ ಪುಟ ತೆರೆದ.

“ಓದ್ಕೋತ ಹೋಗಬೇಕು ಕಾಕಾ. ಎಲ್ಲೆರ ಒಂದ್ ಕಡೆ ಬರ್ತದ.”

“ಬರಲಿ ಬಿಡು, ಅವಸರಿಲ್ಲ. ಅದು ಸಿಗೂತನಕ ನಾ—ಇಕ್!—ಇಲ್ಲೇ ಕುಂದ್ರತೇನಿ.”