ಚೌಡಿ ಮುಳುಗುತ್ತಾಳೋ, ಇಲ್ಲವೋ

ದೇವರ ಮೇಲೆ ಭಾರ ಹಾಕಿದವನು ಜಲಾಶಯದ ಅಳತೆ ಕೆಲಸಕ್ಕೆ ಸೇರಿಕೊಂಡರೆ ದೇವರಿಗೂ ಆಗಾಗ ತಮಾಷೆ ಮಾಡುವ ಮನಸ್ಸಾಗುತ್ತದೆಂದು ಕಾಣುತ್ತದೆ. ನನ್ನ ವಿಷಯದಲ್ಲಂತೂ ಅವನು ಜಿಪುಣತನ ತೋರಿಸಿದ್ದಿಲ್ಲ. ಸಿದ್ದಾಪುರದ ಕಡೆಯ ಒಂದು ಕಣಿವೆಯಲ್ಲಿ ನಡೆದದ್ದನ್ನೇ ನೋಡಿ.

ಇಳಿಜಾರಿನ ಉಳಿತಾಯ

ವಿದ್ಯುತ್ತಿಗಾಗಿ ನೀರು ಕೂಡಿಡುವ ಯೋಜನೆ. ಬೆಟ್ಟದ ಮೇಲೊಂದು ಜಲಾಶಯ, ಕೆಳಗೆ ಕಣಿವೆಯಲ್ಲೊಂದು. ಕರೆಂಟು ಬೇಕಾದಾಗ ಮೇಲಿನ ನೀರನ್ನು ಕೆಳಗೆ ಬಿಡುವುದು, ಬೇಡಿಕೆ ಇಳಿದಾಗ ಅದೇ ನೀರನ್ನು ಪಂಪಿನಿಂದ ಮತ್ತೆ ಮೇಲಕ್ಕೆ ಏರಿಸುವುದು. ನಮ್ಮ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಇದನ್ನು ಡ್ರೈವರಿಗೆ ಬಿಡಿಸಿ ಹೇಳಿದರು. ಅವನು ಯಲ್ಲಾಪುರದವನು, ನಮಗೆಲ್ಲ ಭಾಯಿ. ಏರಿಸಲು ಹೆಚ್ಚು ಕರೆಂಟು ಬೇಕೋ, ಇಳಿಸಿದಾಗ ಹೆಚ್ಚು ಬರುತ್ತದೋ ಎಂದು ಕೇಳಿದ. ಏರಿಸಲಿಕ್ಕೇ ತುಸು ಹೆಚ್ಚು, ಆದರೆ ಬೇಕಾದ ಹೊತ್ತಿಗೆ ಸಿಗುತ್ತದಲ್ಲ ಎಂದರು ಸಾಹೇಬರು.

ಭಾಯಿ ಗೇರು ಬದಲಿಸಿದ. "ನಾನೂ ನಮ್ಮ ಮಾಲಕರಿಗೆ ಹಂಗೇ ಹೇಳ್ತೀನ್ರಿ, ಘಟ್ಟ ಇಳಿಯುವಾಗ ಡೀಸೆಲ್ ಉಳಸ್ತೀನಿ ಅಂತ. ಅವರು ಹತ್ತಿದ್ದರ ಲೆಕ್ಕ ಕೇಳ್ತಾರ."

ಜಲಾಧಿವಾಸ

ಕೆಳಗಿನ ಜಲಾಶಯದ ಅಂಚು ಬರುವಲ್ಲಿ ಒಬ್ಬ ಮುದುಕಿಯ ಮನೆ, ನಮಗೆಲ್ಲ ಆಯಿ. ಮನೆಯೆದುರು ತಗಡಿನ ಮಾಡಿನ ಕೆಳಗೆ ಊರ ದೇವಿ ಚೌಡಿಯ ಕಲ್ಲು. ನಾವು ಹೋದಾಗಲೆಲ್ಲ ಆಯಿ ಕಷಾಯ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ತಮಾ, ಚೌಡಿ ಮುಳುಗ್ತಾ, ಇಲ್ಯ? ಅಷ್ಟು ಹೇಳು."

ಚೌಡಿ ಮುಳುಗಿದರೆ ಮನೆಯೂ ಮುಳುಗಿದಂತೆಯೇ. ಆದರೆ ಹೇಳುವುದು ಹೇಗೆ? ಎಷ್ಟೋ ವರ್ಷಗಳ ಹಿಂದೆ ಬಂದಿದ್ದ ಅಳತೆಯ ತಂಡ ಅಲ್ಲೆಲ್ಲೋ ಒಂದು ಗುರುತಿನ ಕಲ್ಲು ನೆಟ್ಟಿತ್ತು. ನಕ್ಷೆಯ ಎತ್ತರಗಳೆಲ್ಲ ಆ ಕಲ್ಲಿನಿಂದ ಎಣಿಸಿದವು. ಆ ಕಲ್ಲೇ ಕಾಣೆ. ಅದಕ್ಕೆ ತಾಳೆ ನೋಡದೆ ನೀರಿನ ಗೆರೆ ಎಳೆಯಲು ಸಾಹೇಬರು ಸುತಾರಾಂ ಒಪ್ಪುತ್ತಿರಲಿಲ್ಲ.

ಒಂದು ದಿನ ಆಯಿಯ ಮುಖ ನೋಡಲಾರದೆ ಸಾಹೇಬರು ಸಮಾಧಾನಕ್ಕಿಳಿದರು. ಪ್ರತಿಷ್ಠೆಗೆ ಮೊದಲು ದೇವರ ಮೂರ್ತಿಯನ್ನು ನೀರಲ್ಲಿಟ್ಟು ಜಲಾಧಿವಾಸ ಮಾಡುವುದಿಲ್ಲವೇ, ನೀರಲ್ಲಿದ್ದರೆ ದೇವರಿಗೇನೂ ಕಡಿಮೆಯಿಲ್ಲ ಎಂದರು. ಆಯಿ ಹೌದೆಂದು ತಲೆಯಾಡಿಸಿದರು.

"ಅಲ್ಲಿ ಮಾರನೇ ದಿನ ಮೇಲೆ ಎತ್ತತ. ನಿಂಗ ಎತ್ತುದು ಯಾವಾಗ?"

ಸಾಹೇಬರು ಅರ್ಧ ಕಷಾಯ ಬಿಟ್ಟು ಎದ್ದರು.

ಕಲ್ಲನ್ನು ಕೇಳಿದ್ದು

ಆ ಕಲ್ಲಿಗಾಗಿ ನಾವು ಹಳ್ಳದ ದಂಡೆಯ ಪೊದೆಗಳನ್ನೆಲ್ಲ ಸವರಿದೆವು. ಭಾಯಿಯಂತೂ ಆಯಿಯ ಬಟ್ಟೆ ಒಗೆಯುವ ಕಲ್ಲನ್ನೂ ಮಗುಚಿ ನೋಡಿ ಬೈಸಿಕೊಂಡ. ನನ್ನ ದಾರಿ ಬೇರೆ. ಬೆಳಿಗ್ಗೆ ಕೆಲಸಕ್ಕೆ ಮೊದಲು ಚೌಡಿಗೆ ಹೂವಿಟ್ಟು, ಪ್ರದಕ್ಷಿಣೆ ಬಂದು, "ತಾಯೀ, ಆ ಕಲ್ಲು ಎಲ್ಲಿದೆ, ತೋರಿಸಿಕೊಡು" ಎಂದು ಬೇಡುತ್ತಿದ್ದೆ.

ಹುಣ್ಣಿಮೆ ಬಂತು. ಆಯಿ ಚೌಡಿಗೆ ಅಭಿಷೇಕ ಮಾಡಲು ಬಿಸಿನೀರು ಹೊಯ್ದು, ವರ್ಷಗಳಿಂದ ಗಟ್ಟಿಯಾಗಿ ಕೂತಿದ್ದ ಎಣ್ಣೆ ಕುಂಕುಮವನ್ನು ಈ ಸಲ ನಾರಿನಿಂದ ತಿಕ್ಕಿದರು. ಒಳಗಿಂದ ಉಳಿಯಲ್ಲಿ ಕೆತ್ತಿದ ಬಾಣದ ಗುರುತು, ಅದರ ಕೆಳಗೆ ಒಂದು ನಂಬರು ಮೂಡಿತು. ಹಿಂದಿನ ತಂಡ ನೆಟ್ಟು ಕೆಂಪು ಬಣ್ಣ ಬಳಿದು ಹೋದ ಕಲ್ಲಿಗೆ ಊರವರು ಚೌಡಿಯೆಂದು ಕುಂಕುಮ ಹಚ್ಚಿದ್ದರು, ಅಷ್ಟೇ.

ಸಾಹೇಬರು ನಕ್ಷೆ ನೋಡಿದರು, ಚೌಡಿಯನ್ನು ನೋಡಿದರು, ಕೈಮುಗಿದು ನಿಂತ ನನ್ನನ್ನು ನೋಡಿದರು. "ಭಟ್ರೇ, ಕಲ್ಲು ಎಲ್ಲಿದೆ ಅಂತ ಇಷ್ಟು ದಿನ ಯಾರನ್ನ ಕೇಳ್ತಾ ಇದ್ರಿ?"

"ಕಲ್ಲನ್ನೇ, ಸರ್."

ಇನ್ನು ಅಳತೆ ಕೋಲನ್ನು ಆ ಕಲ್ಲಿನ ನೆತ್ತಿಯ ಮೇಲೆ ನಿಲ್ಲಿಸಬೇಕು. ನನ್ನ ಕೈ ಏಳಲಿಲ್ಲ. ಆಯಿಯೇ ಕೋಲು ತೊಳೆದು, ಅದಕ್ಕೂ ಕುಂಕುಮ ಹಚ್ಚಿ ಕೈಗಿತ್ತರು. ನಿಲ್ಲಿಸಿದೆ. ಸಾಹೇಬರು ಯಂತ್ರದಲ್ಲಿ ನೋಡಿ, ಬರೆದು, ಕೂಡಿ, ಕಳೆದು, ಮತ್ತೊಮ್ಮೆ ಕಳೆದರು. ಜಲಾಶಯ ತುಂಬಿ ನಿಂತರೂ ನೀರು ಅಂಗಳದ ಕೆಳಗಿನ ಗದ್ದೆಯ ತನಕ ಮಾತ್ರ. ಚೌಡಿಯೂ ಉಳಿದಳು, ಮನೆಯೂ ಉಳಿಯಿತು.

ತಾಯಿಯ ಕೃಪೆ ಎಂದೆ ನಾನು, ಕಣ್ಣೊರೆಸಿಕೊಳ್ಳುತ್ತ. ಬರೀ ಲೆಕ್ಕ ಎಂದರು ಸಾಹೇಬರು. ಆಯಿ ಇಬ್ಬರನ್ನೂ ನೋಡಿ ನಕ್ಕರು.

"ಅದರ ತಲೆ ಮೇಲಿಂದ್ಲೇ ಲೆಕ್ಕ ಶುರು ಮಾಡಿದ್ರಲ. ತಾನೇ ಮುಳುಗೋ ಲೆಕ್ಕ ಯಾವ ದೇವಿ ಕೊಡ್ತು, ತಮಾ?"